ಹಾಯಿದೋಣಿ ಸ್ಕಿಪ್ಪರ್ ಪರೀಕ್ಷೆ: ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಯಾಟ್‌ಮಾಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದಾಗಿನಿಂದ ಚಹಾ ಅಂಗಡಿಯಿಂದ ಹಿಡಿದು ಬೀಗರ ಮನೆಯ ಕುಬಸದ ತನಕ ಜನ ಕೇಳಿದ್ದನ್ನೇ ಕೇಳುತ್ತಿದ್ದಾರೆ. ಬೀದರ್, ಯಾದಗಿರಿ ಹುಡುಗರ ಫೋನೂ ಬರುತ್ತವೆ, ಒಂದೆರಡು ಪತ್ರಗಳೂ ಬಂದಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ನಡೆಯುತ್ತದೆ.

## ಶುರುವಿನ ಪ್ರಶ್ನೆಗಳು

ಸಮುದ್ರಾನೇ ಇಲ್ಲದ ಊರಾಗ ಹುಟ್ಟಿ ಇದೆಲ್ಲ ಯಾಕ ಬೇಕಿತ್ರಿ?

ಬೇಕಿತ್ತು ಅಂತ ಯಾರೂ ಹೇಳಿರಲಿಲ್ಲ, ಹುಚ್ಚು ಹತ್ತಿತ್ತು ಅಷ್ಟೇ. ಕಲಬುರಗಿಯಿಂದ ನೇರ ಗೆರೆ ಎಳೆದರೂ ಕೊಂಕಣದ ಕಡಲು 350 ಕಿಲೋಮೀಟರಿಗಿಂತ ದೂರ. ಆದರೆ ನೀರು ನಮಗೆ ಹೊಸದಲ್ಲ. ಭೀಮಾ, ಕೃಷ್ಣಾ ದಂಡೆಯ ಊರುಗಳಲ್ಲಿ ಹರಗೋಲು ಹಾಕಿದವರ ಮೊಮ್ಮಕ್ಕಳು ಇನ್ನೂ ಇದ್ದಾರೆ. ಕಲ್ಯಾಣದ ಶರಣರ ಸಾಲಿನಲ್ಲಿ ದೋಣಿ ನಡೆಸುತ್ತ ವಚನ ಬರೆದ ಅಂಬಿಗರ ಚೌಡಯ್ಯನೂ ಇದ್ದಾನೆ. ಪರೀಕ್ಷಕರು ನಿಮ್ಮ ಊರಿನ ಹೆಸರು ಕೇಳುವುದಿಲ್ಲ. ಎಷ್ಟು ದಿನ ಕಡಲಿನಲ್ಲಿದ್ದಿರಿ, ಎಷ್ಟು ಮೈಲಿ ಹೋದಿರಿ ಅಂತ ಕೇಳುತ್ತಾರೆ.

ಸ್ಕಿಪ್ಪರ್ ಪರೀಕ್ಷೆ ಅಂದ್ರ ಏನು? ಆರ್‌ಟಿಓದಾಗ ಲೈಸೆನ್ಸ್ ತಗೊಂಡಂಗೇನು?

ಸ್ಕಿಪ್ಪರ್ ಅಂದರೆ ದೋಣಿಯ ಯಜಮಾನ. ದೋಣಿಗೂ ಅದರಲ್ಲಿದ್ದವರ ಜೀವಕ್ಕೂ ಅವನೇ ಹೊಣೆ. ಜಗತ್ತಿನಲ್ಲಿ ಹೆಚ್ಚು ಜನ ಹಿಡಿಯುವ ದಾರಿ ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನದು. ಬಾಯಿಮಾತಿನಲ್ಲಿ ಆರ್‌ವೈಎ ಅನ್ನುತ್ತಾರೆ. ಅದರ ಮೆಟ್ಟಿಲುಗಳು ಹೀಗೆ: ಕಾಂಪಿಟೆಂಟ್ ಕ್ರೂ, ಡೇ ಸ್ಕಿಪ್ಪರ್, ಕೋಸ್ಟಲ್ ಸ್ಕಿಪ್ಪರ್, ಆಮೇಲೆ ಯಾಟ್‌ಮಾಸ್ಟರ್ ಕೋಸ್ಟಲ್, ಯಾಟ್‌ಮಾಸ್ಟರ್ ಆಫ್‌ಶೋರ್.

ಮೊದಲ ಮೂರು ಕೋರ್ಸುಗಳು. ಐದು ದಿನ ದೋಣಿಯ ಮೇಲಿರುತ್ತೀರಿ, ಕಲಿಸಿದ ಬೋಧಕರೇ ಸರ್ಟಿಫಿಕೇಟಿಗೆ ಸಹಿ ಹಾಕುತ್ತಾರೆ. ಕೊನೆಯ ಎರಡು ನಿಜವಾದ ಪರೀಕ್ಷೆಗಳು. ನಿಮಗೆ ಕಲಿಸದ, ನಿಮ್ಮನ್ನು ಹಿಂದೆಂದೂ ನೋಡಿರದ ಪರೀಕ್ಷಕರು ದೋಣಿ ಹತ್ತಿ ಬರುತ್ತಾರೆ. ಆರ್‌ಟಿಓ ಟ್ರ್ಯಾಕಿನಲ್ಲಿ ಎಂಟು ಬರೆದು ಹತ್ತು ನಿಮಿಷಕ್ಕೆ ಮನೆಗೆ ಬರುವ ಲೆಕ್ಕ ಇಲ್ಲಿಲ್ಲ.

ಒಂದು ದಿನಾನೂ ದೋಣಿ ಹತ್ತಿಲ್ಲ. ನೇರ ಯಾಟ್‌ಮಾಸ್ಟರಿಗೆ ಕೂಡಬಹುದಾ?

ಆಗದು. ತಮಾಷೆ ಏನೆಂದರೆ ಕೋರ್ಸು ಮಾಡಲೇಬೇಕು ಅಂತ ನಿಯಮವಿಲ್ಲ. ಕಡಲಿನ ಅನುಭವ ಮಾತ್ರ ಇರಲೇಬೇಕು, ಅದನ್ನು ದುಡ್ಡು ಕೊಟ್ಟು ತರಲು ಬರುವುದಿಲ್ಲ.

ಕೋಸ್ಟಲ್ ಪರೀಕ್ಷೆಗೆ 30 ದಿನ, 800 ನಾಟಿಕಲ್ ಮೈಲಿ, ರಾತ್ರಿಯ 12 ಗಂಟೆ, ಸ್ಕಿಪ್ಪರ್ ಆಗಿ 2 ದಿನ. ಕೋಸ್ಟಲ್ ಸ್ಕಿಪ್ಪರ್ ಪ್ರಾಕ್ಟಿಕಲ್ ಕೋರ್ಸ್ ಮುಗಿಸಿದವರಿಗೆ 20 ದಿನ, 400 ಮೈಲಿ ಸಾಕು. ಆಫ್‌ಶೋರ್‌ಗೆ 50 ದಿನ, 2,500 ಮೈಲಿ, ಸ್ಕಿಪ್ಪರ್ ಆಗಿ 5 ದಿನ. ಜೊತೆಗೆ 60 ಮೈಲಿ ಮೀರಿದ ಐದು ಪಯಣ. ಅವುಗಳಲ್ಲಿ ಎರಡು ರಾತ್ರಿಯಿಡೀ ಸಾಗಿದವು, ಎರಡು ನೀವೇ ಸ್ಕಿಪ್ಪರ್ ಆಗಿದ್ದವು. ಅರ್ಧದಷ್ಟಾದರೂ ಉಬ್ಬರ-ಇಳಿತ ಇರುವ ನೀರಿನಲ್ಲಿ ಆಗಿರಬೇಕು, ಎಲ್ಲವೂ ಹಿಂದಿನ 10 ವರ್ಷದೊಳಗಿನದಾಗಿರಬೇಕು. ವಯಸ್ಸು ಕೋಸ್ಟಲ್‌ಗೆ 17, ಆಫ್‌ಶೋರ್‌ಗೆ 18. ಇವುಗಳ ಜೊತೆ ವಿಎಚ್‌ಎಫ್ ರೇಡಿಯೋ ಸರ್ಟಿಫಿಕೇಟು ಮತ್ತು ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು ಕೈಯಲ್ಲಿರಬೇಕು.

ಮೂರ್ನಾಲ್ಕು ತಿಂಗಳಲ್ಲಿ ಸೊನ್ನೆಯಿಂದ ಯಾಟ್‌ಮಾಸ್ಟರ್ ಮಾಡಿಕೊಡುತ್ತೇವೆ ಅನ್ನುವ ಶಾಲೆಗಳೂ ಇವೆ. ಲೆಕ್ಕಕ್ಕೆ ಮೈಲಿ ತುಂಬುತ್ತವೆ, ನಿಜ. ನಾನು ನಾಲ್ಕು ವರ್ಷ ತಗೊಂಡೆ. ನಡುವೆ ಮನೆಗೆ ಬಂದು, ತಪ್ಪಿದ್ದೆಲ್ಲಿ ಅಂತ ಯೋಚಿಸಿ, ಮತ್ತೆ ಹೋದದ್ದರಿಂದಲೇ ಅದು ತಲೆಯಲ್ಲಿ ನಿಂತಿತು ಅನ್ನಿಸುತ್ತದೆ.

ಈಜು ಬರಲೇಬೇಕಾ?

ಪರೀಕ್ಷೆಯ ನಿಯಮದಲ್ಲಿಲ್ಲ. ಆದರೂ ಕಲಿಯಿರಿ. ಲೈಫ್ ಜಾಕೆಟ್ ಹಾಕಿಕೊಂಡು ನೀರಿಗೆ ಬಿದ್ದು ನೋಡಿದರೆ ಕಾಲಿನ ಕೆಳಗೆ ನೆಲ ಇಲ್ಲದ ಹೆದರಿಕೆ ಅರ್ಧ ಇಳಿಯುತ್ತದೆ.

ನಂದು ಕನ್ನಡ ಮೀಡಿಯಂ. ಇಂಗ್ಲಿಷಿನಾಗ ಹೇಳೋದು ಕಷ್ಟ. ನಡೀತದಾ?

ಸಾಹಿತ್ಯದ ಇಂಗ್ಲಿಷ್ ಬೇಡ. ಇನ್ನೂರು ಪದ, ಐವತ್ತು ಆಜ್ಞೆ, ರೇಡಿಯೋದ ಸಿದ್ಧ ಮಾತುಗಳು ಬಾಯಿಗೆ ಬಂದರೆ ಸಾಕು. ಹಾಯಿ, ಕೂವೆಮರ, ಚುಕ್ಕಾಣಿ, ಲಂಗರು ಅಂತ ಕನ್ನಡದಲ್ಲಿ ತಿಳಿದುಕೊಳ್ಳುವುದು ಒಳ್ಳೆಯದೇ, ವಸ್ತು ಕಣ್ಣಿಗೆ ಕಟ್ಟುತ್ತದೆ. ಆದರೆ ಪೋರ್ಟ್, ಸ್ಟಾರ್‌ಬೋರ್ಡ್‌ಗಳನ್ನು ಮಾತ್ರ ಎಡ, ಬಲ ಅಂತ ಅನುವಾದ ಮಾಡಿಕೊಳ್ಳಬೇಡಿ. ನೀವು ಹಿಂದೆ ತಿರುಗಿ ನಿಂತರೆ ನಿಮ್ಮ ಎಡ ಬದಲಾಗುತ್ತದೆ, ದೋಣಿಯ ಪೋರ್ಟ್ ಬದಲಾಗುವುದಿಲ್ಲ. ಮೂತಿಯ ಕಡೆ ಮುಖ ಮಾಡಿ ನಿಂತವನ ಎಡಗಡೆ ಪೋರ್ಟ್, ಅಲ್ಲಿ ಕೆಂಪು ದೀಪ. ಬಲಗಡೆ ಸ್ಟಾರ್‌ಬೋರ್ಡ್, ಹಸಿರು.

ನಾನು ಅಡುಗೆಮನೆಯಲ್ಲಿ ಅವ್ವನಿಗೆ ಇಂಗ್ಲಿಷಿನಲ್ಲಿ ಆಜ್ಞೆ ಕೊಟ್ಟು ರೂಢಿ ಮಾಡಿಕೊಂಡೆ. ‘ರೆಡಿ ಟು ಟ್ಯಾಕ್?’ (ದೋಣಿಯ ಮೂತಿಯನ್ನು ಗಾಳಿಗೆ ಅಡ್ಡ ದಾಟಿಸಿ ತಿರುಗಿಸಲು ತಯಾರಾ?) ಅಂದರೆ ಅವರು ಹಂಚಿನ ಮೇಲಿನ ರೊಟ್ಟಿ ಮಗುಚುತ್ತ ‘ರೆಡಿ’ ಅನ್ನಬೇಕು. ಎರಡು ವಾರಕ್ಕೆ ಅವರಿಗೂ ಬಂತು, ನನಗೂ ಬಂತು.

## ಮನೆಯಲ್ಲಿ ಕುಳಿತು ಕಲಿಯುವುದು

ಕಲಬುರಗಿಯಾಗ ಕುಂತು ಏನೇನ್ ತಯಾರಿ ಮಾಡ್ಕೋಬಹುದು?

ನನ್ನ ಲೆಕ್ಕದಲ್ಲಿ ಅರ್ಧ. ನಕ್ಷೆಯ ಕೆಲಸ, ಉಬ್ಬರದ ಲೆಕ್ಕ, ಡಿಕ್ಕಿ ತಪ್ಪಿಸುವ ನಿಯಮ, ದೀಪ, ಬೋಯಿ (ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಟ್ಟ ಗುರುತು), ಹವಾಮಾನ, ರೇಡಿಯೋ, ಗಂಟು, ಇಂಜಿನ್ ಇವೆಲ್ಲ ಒಣ ನೆಲದಲ್ಲೇ ಆಗುವ ಕೆಲಸ. ಇವನ್ನು ದೋಣಿಯ ಮೇಲೆ ಕಲಿಯಲು ಹೋದರೆ ದಿನಕ್ಕೆ ಸಾವಿರಾರು ರೂಪಾಯಿ ಕೊಟ್ಟು ಬಾಯಿಪಾಠ ಮಾಡಿದಂತೆ.

ಸಾಮಾನು ಸ್ವಲ್ಪವೇ: ಅಭ್ಯಾಸದ ಚಾರ್ಟು, ಅಂದರೆ ಕಡಲ ನಕ್ಷೆ, ಪ್ಲಾಟರ್, ಡಿವೈಡರ್, 2ಬಿ ಪೆನ್ಸಿಲು, ಒಳ್ಳೆಯ ರಬ್ಬರು. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ಚಾರ್ಟು ಹಾರುತ್ತದೆ, ಹಾಕದಿದ್ದರೆ ಬೆವರು ಅದರ ಮೇಲೆ ತೊಟ್ಟಿಕ್ಕುತ್ತದೆ. ನಾನು ನಾಲ್ಕು ಮೂಲೆಗೆ ನಾಲ್ಕು ಶಹಾಬಾದ್ ಕಲ್ಲಿನ ತುಂಡು ಇಟ್ಟಿದ್ದೆ.

ಎಲ್ಲರೂ ಮಾಡುವ ಒಂದು ತಪ್ಪು ಹೇಳುತ್ತೇನೆ. ಚಾರ್ಟಿನಲ್ಲಿ ದೂರ ಅಳೆಯುವುದು ಪಕ್ಕದ ಅಂಚಿನ ಅಕ್ಷಾಂಶದ ಪಟ್ಟಿಯಿಂದ. ಅಕ್ಷಾಂಶದ ಒಂದು ಮಿನಿಟು (ಡಿಗ್ರಿಯ ಅರವತ್ತರಲ್ಲೊಂದು ಪಾಲು) ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಮೇಲಿನ ಅಂಚಿನ ರೇಖಾಂಶದ ಪಟ್ಟಿಯಿಂದ ಅಳೆದರೆ ಕೆಟ್ಟಿರಿ. ನಮ್ಮ 17 ಡಿಗ್ರಿಯಲ್ಲಿ ರೇಖಾಂಶದ ಮಿನಿಟು ಸುಮಾರು 1,770 ಮೀಟರ್, ತಪ್ಪು ಗೊತ್ತೂ ಆಗುವುದಿಲ್ಲ. ಇಂಗ್ಲೆಂಡಿನ ದಕ್ಷಿಣ ತೀರದ ಸೋಲೆಂಟಿನಲ್ಲಿ ಅದೇ ಮಿನಿಟು 1,170 ಮೀಟರಿನ ಆಸುಪಾಸು. ಅಲ್ಲಿ ಈ ತಪ್ಪು ಮಾಡಿದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ದೂರ ಏರುಪೇರಾಗುತ್ತದೆ.

ಉಬ್ಬರ-ಇಳಿತದ ಲೆಕ್ಕ ತಲಿಗೇ ಹೋಗವಲ್ದು. ಎಲ್ಲಿಂದ ಶುರು ಮಾಡ್ಲಿ?

ಗೋಡೆಯ ಮೇಲಿನ ಪಂಚಾಂಗದಿಂದ. ಅಮಾವಾಸ್ಯೆ, ಹುಣ್ಣಿಮೆ ಆದ ಒಂದೆರಡು ದಿನಕ್ಕೆ ದೊಡ್ಡ ಉಬ್ಬರ. ಅದನ್ನು ಸ್ಪ್ರಿಂಗ್ ಅನ್ನುತ್ತಾರೆ. ಅಷ್ಟಮಿಯ ಆಚೀಚೆ ಸಣ್ಣ ಉಬ್ಬರ, ಅದು ನೀಪ್. ಬ್ರಿಟನ್ನಿನ ಹುಡುಗರು ಇದನ್ನು ಪುಸ್ತಕ ನೋಡಿ ಕಲಿಯುತ್ತಾರೆ. ನಾವು ಎಳ್ಳಮಾವಾಸ್ಯೆ ಯಾವಾಗ ಅಂತ ಹುಟ್ಟಿನಿಂದಲೇ ಲೆಕ್ಕ ಹಾಕುವವರು. ಈ ವಿಷಯದಲ್ಲಿ ನಾವೇ ಒಂದು ಹೆಜ್ಜೆ ಮುಂದೆ.

ಎಷ್ಟು ನೀರು ಏರುತ್ತದೆ ಅನ್ನುವುದು ಊರಿಂದೂರಿಗೆ ಬೇರೆ. ಕಾರವಾರ, ಗೋವಾ ಕಡೆ ಸ್ಪ್ರಿಂಗಿನಲ್ಲಿ 2 ಮೀಟರ್ ಆಸುಪಾಸು, ಮುಂಬಯಿಯಲ್ಲಿ ದೊಡ್ಡ ದಿನಗಳಂದು 4 ಮೀಟರ್ ದಾಟುತ್ತದೆ. ಏರುವುದು ಒಂದೇ ವೇಗದಲ್ಲಲ್ಲ. ಆರು ಗಂಟೆಯನ್ನು ತೆಗೆದುಕೊಂಡರೆ, ಒಟ್ಟು ಏರಿಕೆಯ ಹನ್ನೆರಡು ಪಾಲಿನಲ್ಲಿ ಮೊದಲ ಗಂಟೆ 1 ಪಾಲು, ಆಮೇಲೆ 2, 3, 3, 2, 1. ಇದು ಹನ್ನೆರಡರ ನಿಯಮ.

ಒಂದು ಲೆಕ್ಕ ಮಾಡೋಣ. ಇಳಿತ 0.8 ಮೀಟರ್, ಉಬ್ಬರ 4.4. ಏರಿಕೆ 3.6, ಹನ್ನೆರಡರಲ್ಲೊಂದು ಪಾಲು 0.3. ಇಳಿತದ ನಂತರ ಒಂದು ಗಂಟೆಗೆ 1.1, ಎರಡು ಗಂಟೆಗೆ 1.7, ಮೂರಕ್ಕೆ 2.6, ನಾಲ್ಕಕ್ಕೆ 3.5, ಐದಕ್ಕೆ 4.1, ಆರಕ್ಕೆ 4.4. ಈಗ ಬಂದರಿನ ಬಾಯಲ್ಲಿ ಮರಳದಿಬ್ಬ ಇದೆ, ಚಾರ್ಟಿನಲ್ಲಿ ಅದರ ಆಳ 0.2 ಮೀಟರ್. ಚಾರ್ಟಿನ ಆಳ ಅಂದರೆ ನೀರು ಅತಿ ಕೆಳಗಿಳಿದ ಹೊತ್ತಿನದು, ಉಬ್ಬರ ಅದರ ಮೇಲೆ ಸೇರುತ್ತದೆ. ನಿಮ್ಮ ದೋಣಿ ನೀರೊಳಗೆ 1.8 ಮೀಟರ್ ಇಳಿದಿದೆ, ಕೆಳಗೆ 0.5 ಮೀಟರ್ ಬಿಡುವು ಬೇಕು. ಒಟ್ಟು 2.3. ಚಾರ್ಟು ಕೊಟ್ಟ 0.2 ಕಳೆದರೆ 2.1 ಮೀಟರ್ ಉಬ್ಬರ ಬೇಕು. ಅಂದರೆ ಇಳಿತವಾಗಿ ಎರಡೂವರೆ ಗಂಟೆ ಕಾಯಬೇಕು. ಪರೀಕ್ಷಕರು ಇದನ್ನೇ ಚಹಾ ಕುಡಿಯುತ್ತ ಕೇಳುತ್ತಾರೆ, ಕಾಗದ ಹುಡುಕುವ ಮುಂಚೆ ಅಂದಾಜು ನಿಮ್ಮ ಬಾಯಿಂದ ಬರಬೇಕು. ನಿಖರ ಲೆಕ್ಕಕ್ಕೆ ಆ ಬಂದರಿನ ಉಬ್ಬರದ ಕರ್ವ್ ಇದೆ. ಸೌತಾಂಪ್ಟನ್‌ನಂಥ ಕಡೆ ಒಂದೇ ಉಬ್ಬರಕ್ಕೆ ಎರಡು ಸಲ ನೀರು ತುಂಬುತ್ತದೆ, ಅಲ್ಲಿ ಹನ್ನೆರಡರ ನಿಯಮ ಕೈ ಕೊಡುತ್ತದೆ.

ನೀರು ಅಡ್ಡ ಹರೀಲಿಕ್ಕಿದ್ರ ದೋಣಿ ಮೂತಿ ಎತ್ತ ಇಡಬೇಕು?

ಗಾಣಗಾಪುರದ ಸಂಗಮದಲ್ಲಿ, ಭೀಮಾ ತುಂಬಿ ಹರಿಯುವಾಗ ಹೊಳೆ ದಾಟಿಸುವ ಅಂಬಿಗ ಎದುರು ದಂಡೆಯ ಗುಡಿಗೆ ಮುಟ್ಟಬೇಕಾದರೆ ಗುಡಿಯ ಕಡೆ ಹುಟ್ಟು ಹಾಕುವುದಿಲ್ಲ. ಮೇಲ್ಗಡೆ, ಹರಿವಿನ ಎದುರಿಗೆ ಓರೆಯಾಗಿ ಹಾಕುತ್ತಾನೆ. ಹೊಳೆ ಅವನನ್ನು ಕೆಳಗೆ ತಳ್ಳುತ್ತ ಸರಿಯಾಗಿ ಗುಡಿಯ ಮುಂದೆ ತಂದು ನಿಲ್ಲಿಸುತ್ತದೆ. ಚಾರ್ಟಿನ ಮೇಲೆ ಎಳೆಯುವ ತ್ರಿಕೋನ ಇದೇ. ದೋಣಿಯ ವೇಗ 5 ನಾಟ್ (ಗಂಟೆಗೆ 5 ನಾಟಿಕಲ್ ಮೈಲಿ), ಅಡ್ಡ ಹರಿವು 2 ನಾಟ್ ಇದ್ದರೆ ಸುಮಾರು 24 ಡಿಗ್ರಿ ಹರಿವಿನ ಎದುರಿಗೆ ತಿರುಗಿಸಬೇಕು, ನೆಲದ ಮೇಲೆ ಸಿಗುವ ವೇಗ 4.6 ನಾಟ್. ಇದರ ಮೇಲೆ ಗಾಳಿ ತಳ್ಳುವ ಲೀವೇ, ನಿಜವಾದ ಉತ್ತರಕ್ಕೂ ದಿಕ್ಸೂಚಿಯ ಉತ್ತರಕ್ಕೂ ಇರುವ ವ್ಯತ್ಯಾಸ ಅಂದರೆ ವೇರಿಯೇಷನ್, ದೋಣಿಯ ಕಬ್ಬಿಣದಿಂದ ಬರುವ ಡೀವಿಯೇಷನ್ ಸೇರಿಸಿಕೊಂಡು ಚುಕ್ಕಾಣಿ ಹಿಡಿದವನಿಗೆ ಒಂದೇ ಸಂಖ್ಯೆ ಹೇಳಬೇಕು.

ಡಿಕ್ಕಿ ತಪ್ಪಿಸೋ ನಿಯಮ ಎಲ್ಲಾ ಬಾಯಿಪಾಠ ಮಾಡ್ಬೇಕೇನ್ರಿ?

ಮಾಡಬೇಕು. ಕಡಲಿನ ಡಿಕ್ಕಿ ತಡೆಯುವ ಅಂತಾರಾಷ್ಟ್ರೀಯ ನಿಯಮಗಳು 1972ರಲ್ಲಿ ಒಪ್ಪಂದವಾಗಿ 1977ರಿಂದ ಜಾರಿಯಲ್ಲಿವೆ. ಇಲ್ಲಿ ಹೆಚ್ಚುಕಡಿಮೆ ಗೊತ್ತು ಅನ್ನುವ ಮಾತು ನಡೆಯದು.

12ನೇ ನಿಯಮದಿಂದ ಶುರು ಮಾಡಿ: ಎರಡು ಹಾಯಿದೋಣಿ ಎದುರಾದಾಗ ಗಾಳಿಯನ್ನು ಪೋರ್ಟ್ ಕಡೆಯಿಂದ ಪಡೆದದ್ದು ದಾರಿ ಬಿಡಬೇಕು. ಎರಡಕ್ಕೂ ಒಂದೇ ಕಡೆಯಿಂದ ಗಾಳಿ ಇದ್ದರೆ ಗಾಳಿಯ ಮೇಲ್ಗಡೆ ಇರುವುದು ಬಿಡಬೇಕು. ಹಿಂದಿಕ್ಕುವ ದೋಣಿ, ಅದು ಹಾಯಿಯದೇ ಇರಲಿ, ಮುಂದಿನದಕ್ಕೆ ದಾರಿ ಬಿಡಬೇಕು. ಇಂಜಿನ್ ಹಚ್ಚಿದ ಕೂಡಲೇ ಹಾಯಿ ಮೇಲಿದ್ದರೂ ನೀವು ಮೋಟರ್ ದೋಣಿ. ಹಗಲಿನಲ್ಲಿ ಅದನ್ನು ತೋರಿಸಲು ತುದಿ ಕೆಳಗಾದ ಕಪ್ಪು ಶಂಕುವನ್ನು ಮುಂದೆ ಏರಿಸಬೇಕು. ಇದನ್ನು ಮರೆತು ಸಿಕ್ಕಿಬೀಳುವವರು ಬಹಳ. ಮಂಜು ಕವಿದಾಗ 19ನೇ ನಿಯಮ ಬರುತ್ತದೆ, ಅಲ್ಲಿ ಹಾಯಿದೋಣಿಗೆ ಯಾವ ಮರ್ಯಾದೆಯೂ ಇಲ್ಲ.

ಅಪಾಯದ ಜಾಗದ ಯಾವ ದಿಕ್ಕಿಗೆ ಸುರಕ್ಷಿತ ನೀರಿದೆ ಅಂತ ತೋರಿಸುವ ಕಾರ್ಡಿನಲ್ ಬೋಯಿಗಳಿಗೆ ಗಡಿಯಾರ ನೆನಪಿಡಿ. ಪೂರ್ವದ್ದು ಮೂರು ಸಲ ಮಿನುಗುತ್ತದೆ, ದಕ್ಷಿಣದ್ದು ಆರು ಸಲ ಮಿನುಗಿ ಒಂದು ಉದ್ದ, ಪಶ್ಚಿಮದ್ದು ಒಂಬತ್ತು, ಉತ್ತರದ್ದು ಬಿಡದೇ ಮಿನುಗುತ್ತಲೇ ಇರುತ್ತದೆ. ಬೋಯಿಗಳ ಬಣ್ಣದ ಲೆಕ್ಕದಲ್ಲಿ ಭಾರತವೂ ಬ್ರಿಟನ್ನೂ ಒಂದೇ ‘ಎ’ ವಲಯ, ಬಂದರಿಗೆ ಒಳಬರುವಾಗ ಕೆಂಪು ಬೋಯಿ ಪೋರ್ಟ್ ಕಡೆ. ಅಮೆರಿಕ, ಜಪಾನ್ ಕಡೆ ಇದು ಉಲ್ಟಾ.

ಊಟದ ಚಾಪೆಯ ಮೇಲೆ ಉಪ್ಪಿನ ಬಟ್ಟಲು ಒಂದು ಹಡಗು, ಶೇಂಗಾ ಹಿಂಡಿಯ ಡಬ್ಬಿ ಇನ್ನೊಂದು, ಗಾಳಿ ಕಿಟಕಿಯಿಂದ. ಯಾರು ಬಿಡಬೇಕು? ತಂಗಿ ಕೇಳುವುದು, ನಾನು ಹೇಳುವುದು. ತಪ್ಪಿದರೆ ಹಿಂಡಿ ಅವಳ ಪಾಲು.

ಗಂಟು ಎಷ್ಟು ಬರಬೇಕು?

ಏಳೆಂಟು ಸಾಕು. ಬೋಲೈನ್, ಕ್ಲೋವ್ ಹಿಚ್, ರೋಲಿಂಗ್ ಹಿಚ್, ಶೀಟ್ ಬೆಂಡ್, ಫಿಗರ್ ಆಫ್ ಎಯ್ಟ್, ರೀಫ್ ನಾಟ್, ಒಂದು ಸುತ್ತು ಹಾಕಿ ಎರಡು ಅರ್ಧ ಹಿಚ್. ಹೊರಸಿನ ಕಾಲಿಗೆ ಹಗ್ಗ ಕಟ್ಟಿಡಿ, ಕರೆಂಟು ಹೋದಾಗೆಲ್ಲ ಕಟ್ಟಿ ಬಿಚ್ಚಿ. ನಮ್ಮಲ್ಲಿ ಅಭ್ಯಾಸಕ್ಕೆ ಕತ್ತಲೆಯ ಕೊರತೆಯಿಲ್ಲ.

## ನೀರಿಗಿಳಿದ ಮೇಲೆ

ಅಪ್ಪನ ಕೆರಿಯಾಗ ಇಲ್ಲಾ ನಾರಾಯಣಪುರ ಡ್ಯಾಮಿನಾಗ ಕಲಿತ್ರ ಲೆಕ್ಕಕ್ಕ ಬರ್ತದಾ?

ಮೈಲಿಯ ಲೆಕ್ಕಕ್ಕೆ ಬರುವುದಿಲ್ಲ, ಅದು ಕಡಲೇ ಆಗಬೇಕು. ಕಲಬುರಗಿಯ ಅಪ್ಪನ ಕೆರೆಯ ಪೆಡಲ್ ದೋಣಿ ಮಕ್ಕಳ ಆಟಕ್ಕೆ. ಕಾರಂಜಾ, ನಾರಾಯಣಪುರದ ಹಿನ್ನೀರಿಗೆ ಪರವಾನಗಿ ಇಲ್ಲದೆ, ಜಾಕೆಟ್ ಇಲ್ಲದೆ ಇಳಿಯಬೇಡಿ. ಗೇಟು ತೆಗೆದಾಗಿನ ಸೆಳೆತ ದಂಡೆಯ ಮೇಲೆ ನಿಂತವರಿಗೆ ಕಾಣುವುದಿಲ್ಲ.

ಹಾಯಿಯ ಮೈಗುಣ ತಿಳಿಯಲು ಹತ್ತಿರದ ಜಾಗ ಹೈದರಾಬಾದಿನ ಹುಸೇನ್ ಸಾಗರ. ಅಲ್ಲಿ ಡಿಂಗಿ ಅನ್ನುವ ಸಣ್ಣ ಹಾಯಿದೋಣಿಗಳನ್ನು ನಡೆಸಲು ಕಲಿಸುವ ಕ್ಲಬ್ಬುಗಳಿವೆ, ಬೀದರಿನವರಿಗಂತೂ ಮೂರು ತಾಸಿನ ದಾರಿ. ಡಿಂಗಿಯಲ್ಲಿ ತಪ್ಪಿದರೆ ಅದೇ ಕ್ಷಣಕ್ಕೆ ನೀರಿಗೆ ಬೀಳುತ್ತೀರಿ. ದೊಡ್ಡ ದೋಣಿ ತಪ್ಪನ್ನು ಹತ್ತು ನಿಮಿಷ ಮುಚ್ಚಿಟ್ಟುಕೊಂಡು ಆಮೇಲೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಆದ್ದರಿಂದ ಮೊದಲು ಡಿಂಗಿ.

ಅಷ್ಟೊಂದು ಮೈಲಿ ಎಲ್ಲಿಂದ ತರೋದ್ರಿ?

ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮುಂಬಯಿ. ಅಲ್ಲಿ ಮತ್ತು ಗೋವಾದಲ್ಲಿ ದೋಣಿ ಇಟ್ಟುಕೊಂಡವರಿಗೆ ಶನಿವಾರ-ಭಾನುವಾರ ಕೈಜೋಡಿಸುವ ಆಳು ಯಾವಾಗಲೂ ಬೇಕು. ಮೊದಲು ಡೆಕ್ ತೊಳೆದೆ, ಪಾತ್ರೆ ತೊಳೆದೆ, ಆಮೇಲೆ ಚುಕ್ಕಾಣಿ ಕೈಗೆ ಬಂತು. ಒಂದು ಊರಿನಿಂದ ಇನ್ನೊಂದಕ್ಕೆ ದೋಣಿ ಸಾಗಿಸುವವರ ಜೊತೆ ಹೋದರೆ ಉದ್ದದ ಪಯಣ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಪಶ್ಚಿಮ ಕಡಲನ್ನು ಮುಂಗಾರು ಮುಚ್ಚಿಬಿಡುತ್ತದೆ. ಆ ನಾಲ್ಕು ತಿಂಗಳು ಮನೆಯ ಓದಿಗೆ.

ಗೋವಾಕ್ಕೆ ಹೋದರೆ ಒಂದು ಮಾತು ನೆನಪಿರಲಿ. ಕಮಾಂಡರ್ ದಿಲೀಪ್ ದೊಂದೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿದ ಹಾಯಿದೋಣಿ ಅಲ್ಲಿಯೇ ಕಟ್ಟಿದ್ದು. ಅಭಿಲಾಷ್ ಟಾಮಿ 2012-13ರಲ್ಲಿ ಎಲ್ಲೂ ನಿಲ್ಲದೆ ಸುತ್ತಿದ್ದೂ ಅದರಲ್ಲೇ. ಹೆಸರು ‘ಮಾದೇಯಿ’. ನಾವು ಪತ್ರಿಕೆಯಲ್ಲಿ ನೀರಿನ ಜಗಳದ ಸುದ್ದಿಯಲ್ಲಿ ಓದುವ ಮಹದಾಯಿ ಹೊಳೆಯದೇ ಹೆಸರು.

ಪ್ರತಿ ಪಯಣವನ್ನೂ ಅದೇ ದಿನ ಲಾಗ್‌ಬುಕ್ಕಿನಲ್ಲಿ ಬರೆದು, ದಿನಾಂಕ, ದೋಣಿ, ಎಲ್ಲಿಂದ ಎಲ್ಲಿಗೆ, ಮೈಲಿ, ರಾತ್ರಿಯ ಗಂಟೆ, ಗಾಳಿ ಎಲ್ಲ ಹಾಕಿ ಸ್ಕಿಪ್ಪರ್ ಸಹಿ ತಗೊಳ್ಳಿ. ಸುಳ್ಳು ಮೈಲಿ ಬರೆಯಬೇಡಿ. ಲಂಗರು ಹಾಕುವ ರೀತಿ ನೋಡಿದರೇ ಪರೀಕ್ಷಕರಿಗೆ ಗೊತ್ತಾಗಿಬಿಡುತ್ತದೆ.

ಬಸ್ಸಿನಾಗೇ ವಾಂತಿ ಬರ್ತದ. ಕಡಲಾಗ ಏನ್ ಗತಿ?

ಬರುತ್ತದೆ, ಎರಡು-ಮೂರು ದಿನಕ್ಕೆ ಬಹಳ ಜನರಿಗೆ ಇಳಿಯುತ್ತದೆ. ಮಾತ್ರೆ ವೈದ್ಯರನ್ನು ಕೇಳಿ, ಹೊರಡುವ ಮುಂಚೆಯೇ ನುಂಗಿ. ದಿಗಂತ ನೋಡುತ್ತ ಚುಕ್ಕಾಣಿ ಹಿಡಿಯಿರಿ, ಕೆಳಗೆ ಹೋಗಿ ಚಾರ್ಟು ನೋಡುವ ಕೆಲಸ ಬಂದರಿನಲ್ಲೇ ಮುಗಿಸಿ. ಖಾಲಿ ಹೊಟ್ಟೆ ಬೇಡ. ಒಣಗಿದ ಕಟಕ ರೊಟ್ಟಿ ನನಗೆ ಯಾವ ಬಿಸ್ಕತ್ತಿಗಿಂತ ಚಲೋ ನಿಂತಿತು.

ಇಂಜಿನ್ ಬಗ್ಗೆ ಎಷ್ಟು ಗೊತ್ತಿರಬೇಕು?

ನಮ್ಮದು ಪಂಪ್‌ಸೆಟ್ ರಿಪೇರಿ ಮನೆತನ, ಇಲ್ಲಿ ಮಾತ್ರ ನಾನು ಎದೆ ಸೆಟೆಸಿ ಕೂತಿದ್ದೆ. ದೋಣಿಯದೂ ಡೀಸೆಲ್ ಇಂಜಿನ್ನೇ. ಹೊರಡುವ ಮುಂಚೆ ನೀರು, ಆಯಿಲ್, ಬೆಲ್ಟ್, ಸೋರಿಕೆ, ದೋಣಿಯ ತಳದಲ್ಲಿ ನಿಂತ ನೀರು ನೋಡಬೇಕು. ಚಾಲೂ ಆದ ಮೇಲೆ ಹಿಂದಿನ ಕೊಳವೆಯಿಂದ ತಂಪಿನ ನೀರು ಉಗುಳುತ್ತಿದೆಯಾ ಅಂತ ಬಗ್ಗಿ ನೋಡಬೇಕು. ಉಗುಳದಿದ್ದರೆ ಕಡಲ ನೀರು ಒಳಬರುವ ಸೀಕಾಕ್ ಮುಚ್ಚಿದೆ, ಇಲ್ಲವೇ ಜಾಳಿಗೆಯಲ್ಲಿ ಕಸ ಸಿಕ್ಕಿದೆ.

ಡೀಸೆಲಿನಲ್ಲಿ ಗಾಳಿ ಸೇರಿ ಇಂಜಿನ್ ನಿಂತರೆ ಏನು ಮಾಡುತ್ತೀರಿ ಅಂತ ಕೇಳೇ ಕೇಳುತ್ತಾರೆ. ತೊಗರಿ ಹೊಲಕ್ಕೆ ನೀರು ಬಿಡುವಾಗ ಏರ್ ಲಾಕ್ ತೆಗೆದವರಿಗೆ ಇದು ಮನೆಯ ಆಟ. ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ ಇರಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಗುಳ್ಳೆ ನಿಂತು ಶುದ್ಧ ಡೀಸೆಲು ಬಂದಾಗ ಸ್ಕ್ರೂ ಬಿಗಿ ಮಾಡಿ. ಕೆಳಗೆ ಚಿಂದಿ ಹಿಡಿಯುವುದನ್ನು ಮರೆಯಬೇಡಿ. ಹೊಲದಲ್ಲಿ ಮಣ್ಣು ಕುಡಿಯುತ್ತದೆ, ದೋಣಿಯಲ್ಲಿ ಆ ವಾಸನೆ ಹತ್ತು ದಿನ ಎಲ್ಲರ ಹೊಟ್ಟೆ ತೊಳೆಸುತ್ತದೆ.

ಬಂದರಿನಾಗ ಇಕ್ಕಟ್ಟಿನ ಜಾಗಕ್ಕ ಹಚ್ಚೋದಂದ್ರ ಎದಿ ಢವಢವ ಅಂತದ. ಏನ್ ಮಾಡ್ಲಿ?

ದೋಣಿಗೆ ಬ್ರೇಕ್ ಇಲ್ಲ ಅನ್ನುವುದನ್ನು ಮೊದಲು ಒಪ್ಪಿಕೊಳ್ಳಿ. ಗಾಳಿ, ಹರಿವು ಎರಡರಲ್ಲಿ ಯಾವುದು ಜೋರು ನೋಡಿ ಅದರ ಎದುರಿಗೆ ಹೋಗಿ, ಅದೇ ನಿಮ್ಮ ಬ್ರೇಕ್. ರಿವರ್ಸ್ ಹಾಕಿದಾಗ ಫಂಕ (ಪ್ರೊಪೆಲ್ಲರ್) ದೋಣಿಯ ಬಾಲವನ್ನು ಒಂದು ಕಡೆಗೆ ಎಳೆಯುತ್ತದೆ. ಎಳೆಯುವುದು ಎತ್ತ ಅಂತ ಕಟ್ಟಿದ ಜಾಗದಲ್ಲೇ ಗೇರು ಹಾಕಿ, ಯಾವ ಬದಿಯಲ್ಲಿ ನೀರು ಕದಡುತ್ತದೆ ನೋಡಿಟ್ಟುಕೊಳ್ಳಿ. ಒಳಗೆ ಹೋಗುವ ಮುಂಚೆ ಹಗ್ಗ ಯಾರ ಕೈಯಲ್ಲಿ, ಬದಿಗೆ ಪೆಟ್ಟು ಬೀಳದಂತೆ ತೂಗುಹಾಕುವ ಫೆಂಡರ್ ಯಾವ ಕಡೆ, ಆಗದಿದ್ದರೆ ಹೊರಬರುವ ದಾರಿ ಯಾವುದು, ಇಷ್ಟನ್ನೂ ಹೇಳಿಯೇ ಮುಂದೆ ಸಾಗಿ. ಸರಿ ಬರಲಿಲ್ಲ ಅನ್ನಿಸಿದರೆ ಹೊರಗೆ ಬಂದು ಇನ್ನೊಮ್ಮೆ ಹೋಗುವುದರಿಂದ ಮಾರ್ಕು ಹೋಗುವುದಿಲ್ಲ, ಹಟ ಹಿಡಿದು ನುಗ್ಗಿ ಗುದ್ದಿದರೆ ಹೋಗುತ್ತದೆ.

## ಪರೀಕ್ಷೆಯ ದಿನ

ಪರೀಕ್ಷಕರು ಏನೇನ್ ಮಾಡಿಸ್ತಾರ, ಎಷ್ಟೊತ್ತು ನಡೀತದ?

ಒಬ್ಬರೇ ಇದ್ದರೆ ಕೋಸ್ಟಲ್‌ಗೆ 6ರಿಂದ 10 ಗಂಟೆ, ಆಫ್‌ಶೋರ್‌ಗೆ 8ರಿಂದ 12. ಇಬ್ಬರಿದ್ದರೆ ಆಫ್‌ಶೋರ್ 18 ಗಂಟೆಯವರೆಗೂ ಎಳೆಯಬಹುದು, ಕತ್ತಲೆಯ ಪಾಲೂ ಅದರಲ್ಲಿ ಸೇರಿರುತ್ತದೆ. ಮೊದಲು ಕಾಗದ-ಪತ್ರ, ಚಹಾ, ಮಾತು. ನೀವು ಹಿಂದಿನ ದಿನ ಮಾಡಿಟ್ಟ ಪಯಣದ ಯೋಜನೆ ನೋಡುತ್ತಾರೆ. ಆಮೇಲೆ ಜನರಿಗೆ ಸುರಕ್ಷತೆಯ ಪಾಠ ಹೇಳಿ ಹೊರಡಬೇಕು. ಹಾಯಿ ಏರಿಸುವುದು, ಇಳಿಸುವುದು, ಗಾಳಿ ಜೋರಾದರೆ ಹಾಯಿ ಕುಗ್ಗಿಸುವುದು, ಹಾಯಿಯಲ್ಲೇ ಬೋಯಿ ಹಿಡಿಯುವುದು, ಲಂಗರು, ನೀರಿಗೆ ಬಿದ್ದವನನ್ನು ಎತ್ತುವುದು, ಜಿಪಿಎಸ್ ಇಲ್ಲದೆ ದಾರಿ ಹುಡುಕುವುದು, ನಡುನಡುವೆ ಪ್ರಶ್ನೆಗಳು. ಲಂಗರಿಗೆ ಸರಪಳಿಯಾದರೆ ಉಬ್ಬರದ ಹೊತ್ತಿನ ಆಳದ ನಾಲ್ಕು ಪಟ್ಟು, ಹಗ್ಗವಾದರೆ ಆರು ಪಟ್ಟು ಬಿಡಬೇಕು ಅನ್ನುವುದು ನಾಲಿಗೆಯ ತುದಿಯಲ್ಲಿರಲಿ.

ನೀರಿಗಿ ಬಿದ್ದವನ್ನ ಎತ್ತೋ ಡ್ರಿಲ್ಲಿನಾಗ ಎಲ್ಲಿ ತಪ್ತಾರ?

ಹಗ್ಗದಲ್ಲಿ. ಬಕೆಟ್ಟಿಗೆ ಫೆಂಡರ್ ಕಟ್ಟಿ ನೀರಿಗೆಸೆದು ಮನುಷ್ಯ ಬಿದ್ದ ಅನ್ನುತ್ತಾರೆ. ಕೂಡಲೇ ಕೂಗಬೇಕು, ಒಬ್ಬನನ್ನು ಬೆರಳು ತೋರಿಸುತ್ತಲೇ ಇರಲು ನಿಲ್ಲಿಸಬೇಕು, ಹಿಡಿದು ತೇಲಲು ಲೈಫ್‌ಬಾಯ್ ಎಸೆಯಬೇಕು, ಜಿಪಿಎಸ್ ಗುಂಡಿ ಒತ್ತಬೇಕು, ರೇಡಿಯೋದಲ್ಲಿ ಮೇಡೇ (ಜೀವಾಪಾಯದ ಕರೆ) ಯಾವಾಗ ಕೊಡುತ್ತೇನೆ ಅಂತ ಹೇಳಬೇಕು. ಇಷ್ಟು ಎಲ್ಲರಿಗೂ ಬರುತ್ತದೆ. ಆಮೇಲೆ ಅವಸರದಲ್ಲಿ ಇಂಜಿನ್ ಹಚ್ಚುತ್ತಾರೆ, ಹಿಂದೆ ನೀರಿನಲ್ಲಿ ತೇಲುತ್ತಿರುವ ಹಗ್ಗ ಫಂಕಕ್ಕೆ ಸುತ್ತುತ್ತದೆ, ಪರೀಕ್ಷೆ ಅಲ್ಲಿಗೆ ಮುಗಿಯಿತು. ಇಂಜಿನ್ ಚಾಲೂ ಮಾಡುವ ಮುಂಚೆ ಎರಡೂ ಬದಿ ಬಗ್ಗಿ ನೋಡಿ, ಹಗ್ಗ ಒಳಗಿದೆ ಅಂತ ಜೋರಾಗಿ ಹೇಳಿ.

ಬರೀ ಹಾಯಿಯಲ್ಲಿ ಮಾಡುವುದಾದರೆ ಗಾಳಿ ಪಕ್ಕದಿಂದ ಬರುವಂತೆ ಸ್ವಲ್ಪ ದೂರ ಹೋಗಿ, ತಿರುಗಿ, ಗಾಳಿಗೆ ಓರೆಯಾಗಿ ಹತ್ತಿರ ಬರಬೇಕು. ದೊಡ್ಡ ಹಾಯಿಯ ಹಗ್ಗ ಸಡಿಲ ಬಿಟ್ಟರೆ ಅದು ಪಟಪಟ ಅಂತ ಬಡಿದು ಸುಮ್ಮನಾಗಬೇಕು. ಆಗದಿದ್ದರೆ ನೀವು ಬರುವ ಕೋನವೇ ತಪ್ಪು. ಅಲ್ಲೇ ಗೊತ್ತಾದರೆ ಇನ್ನೂ ಸಮಯವಿದೆ, ಬಕೆಟ್ಟಿನ ಪಕ್ಕ ಬಂದ ಮೇಲೆ ಗೊತ್ತಾದರೆ ಇಲ್ಲ.

ಬ್ಲೈಂಡ್ ಪೈಲಟೇಜ್ ಅಂದ್ರ ಕಣ್ಣು ಕಟ್ತಾರೇನು?

ಕಣ್ಣು ಕಟ್ಟುವುದಿಲ್ಲ, ಕೆಳಗಿನ ಕೋಣೆಗೆ ಕಳಿಸುತ್ತಾರೆ. ಹೊರಗೆ ಮಂಜು ಕವಿದಿದೆ ಅಂತ ಭಾವಿಸಬೇಕು. ನಿಮ್ಮ ಬಳಿ ಚಾರ್ಟು, ಗಡಿಯಾರ, ಸಾಗಿದ ದೂರ ತೋರಿಸುವ ಲಾಗ್, ಆಳ ತೋರಿಸುವ ಯಂತ್ರ ಇಷ್ಟೇ. ಮೇಲೆ ಚುಕ್ಕಾಣಿ ಹಿಡಿದವನಿಗೆ ದಿಕ್ಕು ಕೂಗಿ ಹೇಳುತ್ತ ದೋಣಿಯನ್ನು ಒಂದು ಬೋಯಿಯ ಹತ್ತಿರ ತರಬೇಕು.

ಗುರಿಯ ನೇರಕ್ಕೆ ಹೋಗಬೇಡಿ. ತಪ್ಪಿದರೆ ಎಡಕ್ಕೆ ತಪ್ಪಿದಿರೋ ಬಲಕ್ಕೋ ತಿಳಿಯುವುದಿಲ್ಲ. ಬೇಕೆಂದೇ ಒಂದು ಕಡೆಗೆ ಓರೆಯಾಗಿ ಹೋಗಿ, 5 ಮೀಟರ್ ಆಳದ ಗೆರೆ ಸಿಕ್ಕ ಕೂಡಲೇ ಅದನ್ನು ಹಿಡಿದು ಗುರಿಯ ಕಡೆ ತಿರುಗಿ. ಆಳ ಕಡಿಮೆಯಾದರೆ ಹೊರಗೆ, ಹೆಚ್ಚಾದರೆ ಒಳಗೆ. ರಾತ್ರಿ ದೀಪ ಹೋದಾಗ ಮನೆಯಲ್ಲಿ ನೀರಿನ ಕೊಡ ಹುಡುಕುವಾಗ ನಾವು ಅಂಗಳದ ನಡುವೆ ಹೋಗುವುದಿಲ್ಲ, ಗೋಡೆ ಸವರುತ್ತ ಹೋಗುತ್ತೇವೆ. ಯಂತ್ರದ ಸಂಖ್ಯೆಗೂ ಚಾರ್ಟಿನ ಸಂಖ್ಯೆಗೂ ನಡುವೆ ಆ ಹೊತ್ತಿನ ಉಬ್ಬರವಿದೆ, ಅದನ್ನು ಮೊದಲೇ ಲೆಕ್ಕ ಹಾಕಿ ಅಂಗೈ ಮೇಲೆ ಬರೆದುಕೊಳ್ಳಿ.

ನೀವು ಮೊದಲ ಸಲ ಫೇಲ್ ಆದ್ರಂತ, ಖರೇನಾ?

ಖರೆ. ಚಾರ್ಟು ಸರಿ ಇತ್ತು, ಡ್ರಿಲ್ ಸರಿ ಇತ್ತು, ಇಂಜಿನ್ ಪ್ರಶ್ನೆಗೆ ಪರೀಕ್ಷಕರೇ ತಲೆದೂಗಿದ್ದರು. ಮಧ್ಯಾಹ್ನ ಗಾಳಿ 6 ಫೋರ್ಸಿಗೆ, ಅಂದರೆ 22 ನಾಟ್ ದಾಟಿತು. ಹಾಯಿ ಕುಗ್ಗಿಸಬೇಕು. ನಾನು ಚುಕ್ಕಾಣಿಯನ್ನು ಒಬ್ಬನ ಕೈಗೆ ತುರುಕಿ ಕೂವೆಮರದ ಬುಡಕ್ಕೆ ಓಡಿದೆ, ಹಗ್ಗ ಎಳೆದೆ, ಹಗ್ಗ ಬಿಗಿಯುವ ವಿಂಚಿನ ಹತ್ತಿರ ಬಂದೆ, ಮತ್ತೆ ಓಡಿದೆ. ನನ್ನ ತಂಡದ ಮೂವರು ಕೈಕಟ್ಟಿ ನಿಂತು ನೋಡುತ್ತಿದ್ದರು. ಆ ಐದು ನಿಮಿಷದಲ್ಲಿ ಹಿಂದಿನಿಂದ ಒಂದು ಫೆರಿ ಬರುತ್ತಿತ್ತು, ನಾನೊಬ್ಬನೇ ನೋಡಲಿಲ್ಲ.

ಸಂಜೆ ಪರೀಕ್ಷಕರು ಬೈಯಲಿಲ್ಲ. ದಿನವಿಡೀ ಒಳ್ಳೆಯ ಕೆಲಸಗಾರನನ್ನು ನೋಡಿದೆ, ಸ್ಕಿಪ್ಪರ್ ಕಾಣಲಿಲ್ಲ ಅನ್ನುವ ಅರ್ಥದ ಮಾತು ಹೇಳಿದರು. ರಿಪೇರಿ ಅಂಗಡಿಯಲ್ಲಿ ಬೆಳೆದವನಿಗೆ ಇದು ಹೊಟ್ಟೆಗೆ ಬಡಿಯಿತು. ನಮ್ಮಲ್ಲಿ ಯಜಮಾನ ಅಂದರೆ ಎಲ್ಲರಿಗಿಂತ ಮೊದಲು ಕೈ ಎಣ್ಣೆ ಮಾಡಿಕೊಳ್ಳುವವನು. ದೋಣಿಯಲ್ಲಿ ಯಜಮಾನನ ಕೈ ಖಾಲಿ ಇರಬೇಕು, ಕಣ್ಣು ಎಲ್ಲ ಕಡೆ ಇರಬೇಕು. ಎರಡನೇ ಸಲ ಹೋಗುವ ಮುಂಚೆ ಒಂದು ವಾರ ಜೇಬಿನಲ್ಲಿ ಕೈ ಇಟ್ಟುಕೊಂಡೇ ದೋಣಿ ನಡೆಸಿದೆ. ಗಾಳಿ ಬರುವ ಹತ್ತು ನಿಮಿಷ ಮುಂಚೆ ಹೇಳುವುದು, ಹೆಸರು ಹಿಡಿದು ಕೆಲಸ ಕೊಡುವುದು, ಮುಗಿದ ಮೇಲೆ ಶಾಬಾಸ್ ಅನ್ನುವುದು. ತಯಾರಿಯಲ್ಲಿ ನನಗೆ ಅತಿ ಕಷ್ಟವಾದದ್ದು ಇದೇ, ಯಾವ ಪುಸ್ತಕದಲ್ಲೂ ಇದಕ್ಕೆ ಲೆಕ್ಕವಿರಲಿಲ್ಲ.

## ಪಾಸಾದ ಮೇಲೆ

ಇದರಿಂದ ನೌಕರಿ ಸಿಗ್ತದಾ?

ಸರ್ಟಿಫಿಕೇಟು ಒಂದರಿಂದಲೇ ಸಿಗದು. ಸಂಬಳಕ್ಕೆ ದೋಣಿ ನಡೆಸಲು ಅದರ ಮೇಲೆ ಕಮರ್ಷಿಯಲ್ ಎಂಡೋರ್ಸ್‌ಮೆಂಟ್ ಬೇಕು. ಅದಕ್ಕೆ ವೈದ್ಯಕೀಯ ಪರೀಕ್ಷೆ, ಸೀ ಸರ್ವೈವಲ್ ಕೋರ್ಸು, ವೃತ್ತಿಯ ಹೊಣೆಗಾರಿಕೆಯ ಒಂದು ಆನ್‌ಲೈನ್ ಕೋರ್ಸು ಮುಗಿಸಬೇಕು. ವೈದ್ಯಕೀಯದಲ್ಲಿ ಬಣ್ಣ ಗುರುತಿಸುವ ಪರೀಕ್ಷೆ ಇದೆ. ಕೆಂಪು-ಹಸಿರು ಗೊಂದಲ ಇರುವವರು ದುಡ್ಡು ಸುರಿಯುವ ಮುಂಚೆಯೇ ಕಣ್ಣಿನ ವೈದ್ಯರಲ್ಲಿ ನೋಡಿಸಿಕೊಳ್ಳಿ. ಮರ್ಚೆಂಟ್ ನೇವಿಯ ಹಡಗಿಗೂ ಇದಕ್ಕೂ ಸಂಬಂಧವಿಲ್ಲ, ಅದರ ಪರೀಕ್ಷೆಗಳು ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕೈಯಲ್ಲಿವೆ.

ಮನಿಯವ್ರಿಗೆ ಏನಂತ ಹೇಳಿ ಹೋಗೋದ್ರಿ? ಅವ್ವ ಅಳ್ತಾಳ.

ನಮ್ಮ ಅವ್ವನೂ ಅತ್ತಿದ್ದರು. ಕಡಲಿನಲ್ಲಿ ಜೀವರಕ್ಷಣೆಯ ಅಂತಾರಾಷ್ಟ್ರೀಯ ಒಪ್ಪಂದ ಸೋಲಾಸ್‌ನ ಐದನೇ ಅಧ್ಯಾಯದ ಪ್ರಕಾರ ಸಣ್ಣ ದೋಣಿಯವರೂ ಪಯಣದ ಯೋಜನೆ ಮಾಡಬೇಕು. ಹವಾಮಾನ, ಉಬ್ಬರ, ದೋಣಿಯ ಮತ್ತು ಜನರ ಮಿತಿ, ದಾರಿಯ ಅಪಾಯ, ಬದಲಿ ಬಂದರು ನೋಡಿಕೊಳ್ಳಬೇಕು, ದಡದಲ್ಲಿ ಒಬ್ಬರಿಗೆ ಎಲ್ಲ ತಿಳಿಸಿರಬೇಕು. ಆ ದಡದವರನ್ನಾಗಿ ನಾನು ಅವ್ವನನ್ನೇ ಮಾಡಿದೆ. ಪಂಚಾಂಗದ ಪಕ್ಕದ ಮೊಳೆಗೆ ಒಂದು ಹಾಳೆ ತೂಗುತ್ತದೆ: ದೋಣಿಯ ಹೆಸರು, ಬಣ್ಣ, ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಎಷ್ಟೊತ್ತಿಗೆ ಮುಟ್ಟುತ್ತೇವೆ. ಮುಟ್ಟಿದ ಮೇಲೆ ಫೋನ್ ಮಾಡುತ್ತೇನೆ, ಅವರು ಗೆರೆ ಹೊಡೆಯುತ್ತಾರೆ. ಎರಡು ತಾಸು ದಾಟಿದರೂ ಫೋನ್ ಬರದಿದ್ದರೆ ಕೋಸ್ಟ್ ಗಾರ್ಡಿಗೆ ಕರೆ ಮಾಡಿ ಆ ಹಾಳೆ ಓದಿ ಹೇಳಬೇಕು. ನಂಬರು 1554, ಹಾಳೆಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಅವರೇ ಬರೆದುಕೊಂಡಿದ್ದಾರೆ.